2011: ಸಂಡೂರಿನ ಗಣಿಗಳು ನಿಂತ ವರ್ಷ

ಸಂಡೂರಿನ ಗಣಿಗಾರಿಕೆಗೆ 2011ಕ್ಕೆ ಮುಂಚಿನ ಕಾಲವೇ ಬೇರೆ, ಅದರ ನಂತರದ ಕಾಲವೇ ಬೇರೆ. ಆ ವರ್ಷದ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಒಂದು ವಾರ ಕಳೆದ ಮೇಲೆ, ದೇಶದ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕೆಂಬ ಕಾರಣಕ್ಕೆ, ಸರ್ಕಾರಿ ಸ್ವಾಮ್ಯದ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಅನುಮತಿ ಕೊಟ್ಟಿತು. ಸುತ್ತಲಿನ ಗುಡ್ಡಗಳೆಲ್ಲ ಸುಮ್ಮನಾದಾಗ ಕೆಲಸ ನಡೆದದ್ದು ಎನ್‌ಎಂಡಿಸಿಯ ದೋಣಿಮಲೈಯಲ್ಲಿ.

ಇಲ್ಲಿನ ಗಣಿಗಾರಿಕೆ ಹಳೆಯದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಬೆಟ್ಟಸಾಲನ್ನು ಸರ್ವೆ ಮಾಡಿ, ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಗ್ರಂಥವನ್ನು 1895ರಲ್ಲಿ ಪ್ರಕಟಿಸಿದರು. ಘೋರ್ಪಡೆ ಅರಸರ ಸಂಸ್ಥಾನದ ಕಾಲದಲ್ಲೇ ಮ್ಯಾಂಗನೀಸ್ ತೆಗೆಯುವುದು ಶುರುವಾಗಿತ್ತು. ಸಂಡೂರು 1949ರಲ್ಲಿ ಮದ್ರಾಸ್ ಪ್ರಾಂತ್ಯದೊಳಗೆ, 1953ರಲ್ಲಿ ಬಳ್ಳಾರಿಯೊಂದಿಗೆ ಮೈಸೂರು ರಾಜ್ಯದೊಳಗೆ ಸೇರಿತು. ಮರುವರ್ಷವೇ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿತು. 1971ರಲ್ಲಿ ಇಂದಿರಾ ಗಾಂಧಿ ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. 1977ರಲ್ಲಿ ದೋಣಿಮಲೈ ಯಾಂತ್ರೀಕೃತ ಗಣಿ ಶುರುವಾಗಿ, ಗುಡ್ಡದ ಮೇಲೆ ಕಾರ್ಮಿಕರ ಟೌನ್‌ಶಿಪ್ ಎದ್ದಿತು. ಅಲ್ಲಿಯವರೆಗಿನ ಗಣಿಗಾರಿಕೆ ನಿಧಾನದ್ದು. ಬೆಟ್ಟಕ್ಕೂ ಊರಿಗೂ ತಾಳಿಕೊಳ್ಳಲು ಸಮಯವಿತ್ತು.

ಆ ಸಮಯ ಕೈತಪ್ಪಿದ್ದು 2003ರ ಸುಮಾರಿಗೆ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. ಹಿಂದೆ ಕಸವೆಂದು ರಾಶಿ ಹಾಕಿದ್ದ ಪುಡಿ ಅದಿರಿಗೂ ಗಿರಾಕಿ ಬಂದರು. ರೈತರ ಹೊಲಗಳು ಅದಿರಿನ ಪ್ಲಾಟುಗಳಾದವು. ಸಾಲ ಮಾಡಿ ಲಾರಿ ಕೊಂಡವರು ಹಗಲು ರಾತ್ರಿ ಬೇಲೆಕೇರಿ, ಕೃಷ್ಣಪಟ್ಟಣ ಬಂದರುಗಳ ದಾರಿ ಹಿಡಿದರು. ಹೊಸಪೇಟೆ, ಸಂಡೂರು ರಸ್ತೆಗಳ ಬದಿಯ ಬೆಳೆಗಳ ಮೇಲೆ ಕೆಂಪು ಧೂಳು ಕೂತಿತು. ಪರ್ಮಿಟ್ ಇಲ್ಲದ ಅದಿರು ಸಾಗಿತು, ಗುತ್ತಿಗೆಯ ಗಡಿ ಮೀರಿ ಕಾಡು ಅಗೆಯಲಾಯಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದಾಗ ಹಾನಿ ಆಗಿಹೋಗಿತ್ತು.

ಇದಕ್ಕೆಲ್ಲ ಲೆಕ್ಕ ಕೇಳಿದ ವರ್ಷ 2011. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನಾ ಸಮುದಾಯ 2009ರಲ್ಲಿ ಹೂಡಿದ ಅರ್ಜಿ ಸುಪ್ರೀಂ ಕೋರ್ಟಿನಲ್ಲಿತ್ತು. ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ತಮ್ಮ ವರದಿ ಸಲ್ಲಿಸಿ, ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದರು. ಮುಖ್ಯಮಂತ್ರಿ ಯಡಿಯೂರಪ್ಪ ಜುಲೈ 31ರಂದು ರಾಜೀನಾಮೆ ಕೊಟ್ಟರು. ಆಗಸ್ಟ್ 26ರಂದು ನಿಷೇಧ ಚಿತ್ರದುರ್ಗ, ತುಮಕೂರಿಗೂ ವಿಸ್ತರಿಸಿತು. ಸೆಪ್ಟೆಂಬರ್ 5ರಂದು ಗಣಿ ಉದ್ಯಮಿ ಗಾಲಿ ಜನಾರ್ದನ ರೆಡ್ಡಿಯವರನ್ನು ಓಬಳಾಪುರಂ ಗಣಿ ಪ್ರಕರಣದಲ್ಲಿ ಸಿಬಿಐ ಬಂಧಿಸಿತು. ಪ್ಲಾಟುಗಳಲ್ಲಿ ಉಳಿದಿದ್ದ ಅದಿರು ಇ-ಹರಾಜಿಗೆ ಬಂತು. ಆದರೆ ಅದೇ ತಿಂಗಳುಗಳಲ್ಲಿ ಲಾರಿಗಳು ಸಾಲದ ಕಂತು ಕಟ್ಟಲಾಗದೆ ನಿಂತವು. ಡ್ರೈವರ್, ಕ್ಲೀನರ್, ಗಣಿ ಕೂಲಿಗಳಿಗೆ ಕೆಲಸವಿಲ್ಲದಾಯಿತು. ಅಕ್ರಮದ ಲಾಭ ಕೆಲವರಿಗೆ ಹೋಗಿತ್ತು. ನಿಷೇಧದ ಭಾರ ಬಿದ್ದದ್ದು ಕೂಲಿಯವರ ಮೇಲೆ.

ಮುಂದಿನ ಹತ್ತು ವರ್ಷ ಆ ವರ್ಷದ ಫಲ. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅತಿ ಹೆಚ್ಚು ಅಕ್ರಮ ನಡೆದ ಸಿ ದರ್ಜೆಯ ಗುತ್ತಿಗೆಗಳನ್ನು ರದ್ದುಪಡಿಸಿತು. ಬಳ್ಳಾರಿಯ ವಾರ್ಷಿಕ ಮಿತಿ 2.5 ಕೋಟಿ ಟನ್ ಎಂದಾಯಿತು. ನಿಯಮದ ಕಾಲದಲ್ಲೂ ದೋಣಿಮಲೈಗೆ ನೆಮ್ಮದಿಯಿರಲಿಲ್ಲ: ಗುತ್ತಿಗೆ ನವೀಕರಣಕ್ಕೆ ರಾಜ್ಯ ಶೇ 80 ಪಾಲು ಕೇಳಿದ್ದರಿಂದ 2018ರ ನವೆಂಬರ್‌ನಲ್ಲಿ ಗಣಿ ನಿಂತು, ಶೇ 22.5ಕ್ಕೆ ಒಪ್ಪಂದವಾಗಿ 2021ರ ಫೆಬ್ರವರಿಯಲ್ಲಿ ತೆರೆಯಿತು. 2022ರಲ್ಲಿ ಕೋರ್ಟ್ ರಫ್ತಿಗೆ ಒಪ್ಪಿತು. ಬಳ್ಳಾರಿಯ ಮಿತಿಯನ್ನು 3.5 ಕೋಟಿ ಟನ್ನಿಗೆ ಏರಿಸಿತು.

ಈ ಏರಿಕೆಯನ್ನು ಗಂಭೀರವಾಗಿ ನೋಡಬೇಕು. ಮಿತಿ ಹಾಕಿದ್ದು ಬೆಟ್ಟ, ಹೊಳೆ, ಹೊಲ ಚೇತರಿಸಿಕೊಳ್ಳಲಿ ಎಂದು. ಪುನಶ್ಚೇತನಕ್ಕಾಗಿ ಗಣಿಗಳಿಂದ ಸಂಗ್ರಹಿಸಿದ ನಿಧಿಯಿದೆ, ಅದಕ್ಕೊಂದು ನಿಗಮವಿದೆ, ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿಯಿದ್ದಾರೆ. 2024ರಲ್ಲಿ ದೇವದಾರಿ ಬೆಟ್ಟದ ಗಣಿಗೆ ಎದ್ದ ವಿರೋಧ, ಜನ ಕಾಡನ್ನು ಮತ್ತೆ ಕಳೆದುಕೊಳ್ಳಲು ಸಿದ್ಧರಿಲ್ಲ ಎಂದು ತೋರಿಸಿತು. ಎಷ್ಟು ಅದಿರು ಹೋಗಬೇಕೆಂಬುದನ್ನು 2011 ಕಾನೂನಿನ ಕೈಗೆ ಕೊಟ್ಟಿತು. ಪುನಶ್ಚೇತನ ನಿಧಿಯಿಂದ ಯಾವ ಕೆರೆ ಹೂಳೆತ್ತಬೇಕು, ಯಾವ ಆಸ್ಪತ್ರೆ ಕಟ್ಟಬೇಕು ಎಂಬ ತೀರ್ಮಾನ ಗಣಿಬಾಧಿತ ಹಳ್ಳಿಗಳ ಗ್ರಾಮಸಭೆಗಳಿಗೆ ಸಿಗಬೇಕು. ಅದು ಸಿಗುವವರೆಗೆ ಮಿತಿ ಏರಿಸುವ ಯಾವ ಮಾತನ್ನೂ ಸಂಡೂರು ಒಪ್ಪಬಾರದು.