ರೂಢಿ ಆದವಗ ಮರವು ಬರೂದಿಲ್ಲೇನು? ಗಾಂಜಾ ಮತ್ತು ನೆನಪಿನ ಇತಿಹಾಸ

ಗಾಂಜಾ ಬಗ್ಗೆ ನಮ್ಮ ಗಡಿಭಾಗದ ಹಳ್ಳಿಗಳೊಳಗ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, "ಅದನ್ನ ಸೇದಿದವಗ ತಲಿ ಕೆಡತದ." ಇನ್ನೊಂದು, "ಅದೆಲ್ಲಾ ಹೊಸಬಗ. ರೂಢಿ ಆದವಗ ಏನೂ ಆಗೂದಿಲ್ಲ." ಎರಡನೆಯ ಮಾತಿಗೆ ಸಾಕ್ಷಿಯಾಗಿ ಜನ ಜಾತ್ರೆಯ ಸಾಧುವನ್ನು ತೋರಿಸುತ್ತಾರೆ. ಮುಂಜಾನೆಯಿಂದ ಚಿಲುಮಿ ಎಳೆದರೂ ಆತ ರಾತ್ರಿ ಭಜನೆಯಲ್ಲಿ ಒಂದು ಪದವನ್ನೂ ತಪ್ಪುವುದಿಲ್ಲವಲ್ಲ ಎನ್ನುತ್ತಾರೆ.

ಬಹಳ ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದ ನನಗೆ ಈ ಎರಡನೆಯ ಮಾತಿನದೇ ಹೆಚ್ಚು ಚಿಂತೆ. ಹತ್ತನೇ ಇಯತ್ತೆ ದಾಟಿದ ಹುಡುಗರು ಈಗ ಇದನ್ನು ನನ್ನ ಎದುರಿಗೇ ಹೇಳುತ್ತಾರೆ. "ನಡೀರಿ ಸುಮ್ಮನ" ಅಂತ ಗದರಿಸಿದರೆ ಅವರು ಬಾಯಿ ಮುಚ್ಚಿಯಾರು, ಆದರೆ ಮನಸ್ಸು ಬದಲಿಸಲಾರರು. ಅದಕ್ಕೇ ಈ ಪ್ರಶ್ನೆ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

1893ರ ಮಾರ್ಚ್‌ನಲ್ಲಿ ಲಂಡನ್ನಿನ ಸಂಸತ್ತಿನಲ್ಲಿ ಬಂಗಾಲದ ಗಾಂಜಾ ಬಗ್ಗೆ ಪ್ರಶ್ನೆ ಬಂತು. ಇದು ಹಿಂದುಸ್ತಾನದ ಜನರ ಬುದ್ಧಿಯನ್ನು ಕೆಡಿಸುತ್ತಿದೆಯೇ ಎಂದು ತಿಳಿಯಲು ಅದೇ ವರ್ಷ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಕವಾಯಿತು. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷ. ಸದಸ್ಯರಲ್ಲಿ ಮೂವರು ಹಿಂದೀ ಜನರೂ ಇದ್ದರು. ಕಮಿಷನ್ ಊರೂರು ತಿರುಗಿ 1,193 ಸಾಕ್ಷಿದಾರರ ಹೇಳಿಕೆ ಪಡೆಯಿತು. ಡಾಕ್ಟರು, ಕಲೆಕ್ಟರು, ವ್ಯಾಪಾರಿ, ಸೇದುವವ ಎಲ್ಲರೂ ಅದರಲ್ಲಿದ್ದರು. ಎಲ್ಲಾ ಸೇರಿ ಏಳು ಸಂಪುಟಗಳಾದವು.

ಆ ಕಮಿಷನ್ ಮಾಡಿದ ಒಂದು ಕೆಲಸವನ್ನು ಶಿಕ್ಷಕರು ತಿಳಿದಿರಲೇಬೇಕು. ಹುಚ್ಚಾಸ್ಪತ್ರೆಗಳ ದಾಖಲೆಯಲ್ಲಿ ಎಷ್ಟೋ ರೋಗಿಗಳ ಹೆಸರಿನ ಮುಂದೆ 'ಕಾರಣ: ಗಾಂಜಾ' ಎಂದಿತ್ತು. ಸರಕಾರ ನಂಬಿದ್ದೇ ಈ ಲೆಕ್ಕವನ್ನು. ಕಮಿಷನ್ 1892ರ ಅಂಥ 222 ಪ್ರಕರಣಗಳನ್ನು ಒಂದೊಂದಾಗಿ ಕೆದಕಿ ನೋಡಿತು. ಬಹಳ ಕಡೆ ರೋಗಿಯನ್ನು ಕರೆತಂದ ಪೊಲೀಸರು ಫಾರ್ಮಿನಲ್ಲಿ 'ಕಾರಣ' ಎಂಬ ಕಾಲಮ್ ಖಾಲಿ ಬಿಡಬಾರದೆಂದು ಗಾಂಜಾ ಎಂದು ತುಂಬಿದ್ದರು. ಆಸ್ಪತ್ರೆಯವರು ಅದನ್ನೇ ನಕಲು ಮಾಡಿಕೊಂಡಿದ್ದರು. ಶೋಧಿಸಿದ ಮೇಲೆ ಗಾಂಜಾದ ಸಂಬಂಧ ಇರಬಹುದು ಎನ್ನುವಂಥವು 98 ಮಾತ್ರ ಉಳಿದವು. ಆಗ ಮುಂಬಯಿ ಇಲಾಖೆಯಲ್ಲಿದ್ದ ಹುಚ್ಚಾಸ್ಪತ್ರೆಗಳಲ್ಲಿ ಧಾರವಾಡದ್ದೂ ಒಂದು. ಹೀಗಾಗಿ ಇದು ನಮ್ಮ ಭಾಗದ ಇತಿಹಾಸವೂ ಹೌದು.

ಮಿತವಾಗಿ ಬಳಸುವವರ ಬುದ್ಧಿಗೆ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡುಂಟು ಎಂದು ಕಮಿಷನ್ ತೀರ್ಮಾನಿಸಿತು. ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಲೈಸೆನ್ಸಿನ ಹಿಡಿತ ಇರಲಿ ಎಂದಿತು. 'ರೂಢಿ ಆದವಗ ಏನೂ ಆಗೂದಿಲ್ಲ' ಅನ್ನುವವರಿಗೆ ಇದು ದೊಡ್ಡ ಆಧಾರದಂತೆ ಕಾಣುತ್ತದೆ. ಆದರೆ ಒಂದು ಮಾತು ಗಮನಿಸಬೇಕು. ಕಮಿಷನ್ ಜನರನ್ನು ಕೇಳಿತು, ಯಾರ ನೆನಪನ್ನೂ ಅಳೆಯಲಿಲ್ಲ. ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ ಎಷ್ಟು ಉಳಿಯಿತು ಎಂದು ಲೆಕ್ಕ ಹಾಕುವ ವಿದ್ಯೆಯನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ಪುಸ್ತಕ ಮಾಡಿ ಪ್ರಕಟಿಸಿದ್ದೇ 1885ರಲ್ಲಿ. ಆ ತಕ್ಕಡಿ ಇನ್ನೂ ಹಿಂದುಸ್ತಾನಕ್ಕೆ ಬಂದಿರಲಿಲ್ಲ. ತೂಗದೇ ಹೇಳಿದ ತೂಕ ಅದು.

ತೂಗಿ ನೋಡುವ ಕೆಲಸ ಇಪ್ಪತ್ತನೆಯ ಶತಮಾನದಲ್ಲಿ ನಡೆಯಿತು. ಮಧ್ಯ ಅಮೆರಿಕದ ಕೋಸ್ಟರಿಕಾ ಎಂಬ ಪುಟ್ಟ ದೇಶದಲ್ಲಿ ಬಹಳ ಕಾಲ ಗಾಂಜಾ ಸೇದಿದ ಗಂಡಸರನ್ನು 1970ರ ದಶಕದಲ್ಲಿ ಪರೀಕ್ಷಿಸಿದಾಗ ಹೆಚ್ಚಿನ ವ್ಯತ್ಯಾಸ ಸಿಗಲಿಲ್ಲ. ಮತ್ತೆ 1990ರಿಂದ 1992ರ ನಡುವೆ ಇನ್ನೂ ಸೂಕ್ಷ್ಮ ಪರೀಕ್ಷೆ ಮಾಡಿದರು. ಸರಾಸರಿ ಎಂಟು ವರ್ಷ ಸೇದಿದ ತರುಣರಲ್ಲಿ ಗಮನಿಸುವಂಥ ಕೊರತೆ ಕಾಣಲಿಲ್ಲ. ಆದರೆ ಸರಾಸರಿ 34 ವರ್ಷ ಸೇದಿದ, ನಲವತ್ತೈದರ ಆಸುಪಾಸಿನ ಗಂಡಸರು ಪದಗಳ ಪಟ್ಟಿ ಕಲಿತು ಹೇಳುವುದರಲ್ಲಿ ಅದೇ ವಯಸ್ಸಿನ ಸೇದದವರಿಗಿಂತ ಹಿಂದೆ ಬಿದ್ದರು. 34 ವರ್ಷಕ್ಕಿಂತ ದೊಡ್ಡ ರೂಢಿ ಯಾವುದು? ರೂಢಿಯೇ ಕಾಪಾಡುವುದಾಗಿದ್ದರೆ ಅವರೇ ಎಲ್ಲರಿಗಿಂತ ಗಟ್ಟಿ ಇರಬೇಕಿತ್ತು.

ಹಾಗಾದರೆ ರೂಢಿ ಅನ್ನುವುದು ಬರೇ ಸುಳ್ಳೇ? ಸುಳ್ಳಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಡಿ'ಸೋಜಾ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಮೇಲಿಂದ ಮೇಲೆ ಸೇದುವ 30 ಮಂದಿ, ಹಾಗೆ ಸೇದದ 22 ಮಂದಿ. ಇಬ್ಬರಿಗೂ ಗಾಂಜಾದ ಮುಖ್ಯ ಸತ್ವವಾದ ಟಿಎಚ್‌ಸಿಯನ್ನು ಅಳತೆ ಮಾಡಿ ರಕ್ತನಾಳಕ್ಕೆ ಕೊಟ್ಟು, ಪದಗಳ ಪಟ್ಟಿ ಕಲಿಸಿದರು. ರೂಢಿ ಇದ್ದವರಿಗೆ ಮರವು ಕಡಿಮೆ ಆಯಿತು. ಅಂದರೆ ಹಳ್ಳಿಯ ಮಾತಿನಲ್ಲಿ ಅರ್ಧ ಸತ್ಯ ಇದೆ: ಇವತ್ತಿನ ಒಂದು ಚಿಲುಮಿ ಹೊಸಬನನ್ನು ಕೆಡವಿದಷ್ಟು ಹಳಬನನ್ನು ಕೆಡವುವುದಿಲ್ಲ.

ಇದು ಯಾಕೆ ಹೀಗೆ? ಮೆದುಳಿನಲ್ಲಿ ಟಿಎಚ್‌ಸಿ ಹೋಗಿ ಕೂಡುವ ಜಾಗಗಳಿವೆ. ಹೊಸದನ್ನು ನೆನಪಿಗೆ ಸೇರಿಸುವ ಭಾಗದಲ್ಲಿ ಅವು ದಟ್ಟವಾಗಿವೆ. ಅಲ್ಲಿ ಸಹಜವಾಗಿ ಕೂಡುವ ನಮ್ಮ ದೇಹದ್ದೇ ಒಂದು ವಸ್ತು 1992ರಲ್ಲಿ ಸಿಕ್ಕಿತು. ಅದಕ್ಕೆ ವಿಜ್ಞಾನಿಗಳು ಸಂಸ್ಕೃತದ 'ಆನಂದ'ದಿಂದ 'ಆನಂದಮೈಡ್' ಎಂದು ಹೆಸರಿಟ್ಟರು. ದಿನಾ ಹೊಗೆ ಹೋದರೆ ಮೆದುಳು ಆ ಜಾಗಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ನಿತ್ಯ ಸೇದುವ 30 ಗಂಡಸರ ಮೆದುಳಿನ ಸ್ಕ್ಯಾನ್ ಮಾಡಿದಾಗ ಇದು ಕಂಡದ್ದು 2012ರಲ್ಲಿ ಪ್ರಕಟವಾಯಿತು.

ನೊಗ ಹೊತ್ತು ಹೊತ್ತು ಎತ್ತಿನ ಹೆಗಲು ಜಡ್ಡುಗಟ್ಟತದ. ನೊಗ ಮೊದಲಿನಂಗ ಚುಚ್ಚೂದಿಲ್ಲ ಖರೆ. ಆದರ ಆ ಹೆಗಲು ಕರು ಇದ್ದಾಗಿನ ಹೆಗಲಲ್ಲ. ರೂಢಿಯೂ ಇಷ್ಟೇ. ಪೆಟ್ಟು ಕಡಿಮೆ ಅನಿಸುವುದು ಬೇರೆ, ಪೆಟ್ಟೇ ಬಿದ್ದಿಲ್ಲ ಅನ್ನುವುದು ಬೇರೆ.

ಇನ್ನು ಜಾತ್ರೆಯ ಸಾಧುವಿನ ಮಾತು. ಗಾಂಜಾ ಹೆಚ್ಚಾಗಿ ಕೆಡಿಸುವುದು ಹೊಸದಾಗಿ ಕಲಿಯುವುದನ್ನು. ಮೊದಲೇ ಗಟ್ಟಿಯಾಗಿ ಕಲಿತದ್ದನ್ನು ಹೇಳುವ ಶಕ್ತಿ ಅಷ್ಟಾಗಿ ಕೆಡುವುದಿಲ್ಲ ಎಂದು ಪರೀಕ್ಷೆಗಳು ತೋರಿಸಿವೆ. ಸಾಧು ಹಾಡುವ ಪದ ಇಪ್ಪತ್ತು ವರ್ಷದ ಹಿಂದೆ ಕಲಿತದ್ದು. ಅವನಿಗೆ ಇವತ್ತು ಒಂದು ಹೊಸ ಪದ ಕಲಿಸಿ ನಾಳೆ ಕೇಳಬೇಕು, ಆಗ ಗೊತ್ತಾದೀತು. ನಮ್ಮ ಹುಡುಗರ ಕಥೆ ಸಾಧುವಿನದಲ್ಲ. ಗಣಿತ, ಐಟಿಐದ ಕೆಲಸ, ಮರಾಠಿ, ಇಂಗ್ಲಿಷು, ಎಲ್ಲವನ್ನೂ ಅವರು ಹೊಸದಾಗಿಯೇ ಕಲಿಯಬೇಕು. ಯಾವುದು ಕೆಡುತ್ತದೋ ಅದೇ ಅವರಿಗೆ ಬೇಕಾದದ್ದು.

ಸಮಾಧಾನದ ಮಾತೂ ಇದೆ. ಜೀವನದಲ್ಲಿ ಕನಿಷ್ಠ 5,000 ಸಲ ಸೇದಿದವರನ್ನು ಅಮೆರಿಕದ ಪೋಪ್ ಎಂಬ ವೈದ್ಯರು ಬಿಡಿಸಿ ಇಟ್ಟು ಪರೀಕ್ಷಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಟ್ಟ ಏಳನೆಯ ದಿನವೂ ಪದ ನೆನಪಿಡುವುದರಲ್ಲಿ ಕೊರತೆ ಇತ್ತು. 28ನೆಯ ದಿನಕ್ಕೆ ಸೇದದವರಿಗೂ ಅವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. 2012ರ ಸ್ಕ್ಯಾನಿನಲ್ಲಿಯೂ ಸುಮಾರು ನಾಲ್ಕು ವಾರ ಬಿಟ್ಟವರಲ್ಲಿ ಆ ಜಾಗಗಳು ಮತ್ತೆ ತುಂಬುತ್ತಿದ್ದವು. ಆದರೆ 17 ವರ್ಷಕ್ಕಿಂತ ಮೊದಲು ಶುರು ಮಾಡಿದವರು 28 ದಿನದ ಮೇಲೂ ಭಾಷೆಯ ಪರೀಕ್ಷೆಯಲ್ಲಿ ಹಿಂದಿದ್ದರು ಎಂದು ಪೋಪ್ 2003ರಲ್ಲಿ ಬರೆದರು. ಅದಕ್ಕೆ ಗಾಂಜಾವೇ ಕಾರಣವೋ, ಶಾಲೆ ಬಿಟ್ಟದ್ದೋ, ಮೊದಲಿಂದಲೇ ಇದ್ದ ಕೊರತೆಯೋ ಎಂಬ ಮೂರೂ ಸಾಧ್ಯತೆಗಳನ್ನು ಅವರೇ ಮುಂದಿಟ್ಟಿದ್ದಾರೆ.

ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. "ಒಂದು ಸಲ ಸೇದಿದರ ಹುಚ್ಚು ಹಿಡಿತದ" ಅಂತ ಮಕ್ಕಳಿಗೆ ಹೇಳಬೇಡಿರಿ. ಅದು ಪೊಲೀಸರು ಕಾಲಮ್ ತುಂಬಿದಂತೆ. ಹುಡುಗ ಒಬ್ಬ ಸೇದಿದವನನ್ನು ನೋಡಿ, ಅವನಿಗೆ ಹುಚ್ಚು ಹಿಡಿಯದ್ದನ್ನು ಕಂಡರೆ ನಿಮ್ಮ ಉಳಿದ ಮಾತನ್ನೂ ನಂಬಲಾರ. ತೂಗಿದ ಮಾತು ಹೇಳಿರಿ: ರೂಢಿ ಮರವನ್ನು ಕಡಿಮೆ ಮಾಡತದ, ಇಲ್ಲದಂಗ ಮಾಡೂದಿಲ್ಲ. ಈಗಾಗಲೇ ಚಟ ಹತ್ತಿದ ಹುಡುಗನಿಗೆ "ನೀ ಕೆಟ್ಟು ಹೋದಿ" ಅನ್ನುವ ಬದಲು "ಒಂದು ತಿಂಗಳು ಬಿಟ್ಟು ನೋಡಪ್ಪಾ" ಅನ್ನಿರಿ. ಆ ಮಾತಿಗೆ ಆಧಾರ ಇದೆ.