ಸಾಯುವ ಸ್ಥಿತಿಯ ಸಾಕುಮೀನು: ದಯಾಮರಣ, ಆರೈಕೆ ಮತ್ತು ಶ್ರಾವಕಧರ್ಮ

ಮನೆಯ ಅಕ್ವೇರಿಯಂನಲ್ಲಿ ಸಾಕಿದ ಮೀನು ಕಾಯಿಲೆ ಬಿದ್ದು ಗುಣವಾಗುವ ಲಕ್ಷಣ ಕಾಣದಿದ್ದಾಗ, ನೋವಿಲ್ಲದೆ ಅದರ ಪ್ರಾಣ ತೆಗೆಯುವುದನ್ನು ಪಶುವೈದ್ಯರು ದಯಾಮರಣ ಎನ್ನುತ್ತಾರೆ. ಇದು ಶ್ರಾವಕರಿಗೆ ಒಪ್ಪಿತವೇ ಎಂಬ ಪ್ರಶ್ನೆ ಜೈನ ಮನೆಗಳಲ್ಲಿ ಏಳುವುದು ಸಹಜ. ಜೈನಧರ್ಮದಲ್ಲಿ ಮೀನು ತಿರ್ಯಂಚಗತಿಯ ಜಲಚರ, ಪಂಚೇಂದ್ರಿಯ ಜೀವ. ಗಾತ್ರ ಚಿಕ್ಕದೆಂದು ಅದರ ನೋವನ್ನು ಚಿಕ್ಕದೆಂದು ಎಣಿಸುವಂತಿಲ್ಲ.

ಶಾಸ್ತ್ರದ ನಿಲುವು

ಹಿಂಸೆಯಲ್ಲಿ ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂಬ ನಾಲ್ಕು ಬಗೆಗಳಿವೆ. ಅಡುಗೆ, ಕೃಷಿ ಮುಂತಾದ ಕೆಲಸಗಳಲ್ಲಿ ಆಗುವ ಹಿಂಸೆಯನ್ನು ಗೃಹಸ್ಥನು ಪೂರ್ತಿ ತಪ್ಪಿಸಲಾರ. ಆದರೆ ಕೊಲ್ಲಬೇಕೆಂದು ನಿಶ್ಚಯಿಸಿ ಮಾಡುವ ಸಂಕಲ್ಪಿ ಹಿಂಸೆಯನ್ನು ಅವನು ಬಿಡಲೇಬೇಕು. ದಯಾಮರಣವನ್ನು ಸಂಪ್ರದಾಯವು ಇದರೊಳಗೇ ಸೇರಿಸುತ್ತದೆ. ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ವು ಈ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಳ್ಳುತ್ತದೆ: ಬಹಳ ದುಃಖದಲ್ಲಿರುವ ಜೀವಿಯನ್ನು ಕೊಂದರೆ ಅದು ಬೇಗ ದುಃಖದಿಂದ ಬಿಡುಗಡೆಯಾಗುತ್ತದೆ ಎಂದು ಭಾವಿಸಿ ಕೊಲ್ಲಬಾರದು ಎಂಬುದು ಅದರ ಅಭಿಪ್ರಾಯ. ದೇಹ ಬಿಟ್ಟ ಮಾತ್ರಕ್ಕೆ ಕರ್ಮ ಬಿಡುವುದಿಲ್ಲ ಎಂಬ ಕರ್ಮಸಿದ್ಧಾಂತಕ್ಕೂ ಇದು ಹೊಂದುತ್ತದೆ.

ಸಲ್ಲೇಖನವನ್ನು ಇದಕ್ಕೆ ಹೋಲಿಸುವುದು ಸರಿಯಲ್ಲ. ಸಲ್ಲೇಖನವು ಸಾಧಕನು ತಿಳಿವಿನಿಂದ, ಗುರುವಿನ ಅನುಮತಿ ಪಡೆದು, ತಾನೇ ಸ್ವೀಕರಿಸುವ ವ್ರತ. ಒಬ್ಬರ ಪರವಾಗಿ ಇನ್ನೊಬ್ಬರು ಅದನ್ನು ತೀರ್ಮಾನಿಸಲು ಬರುವುದಿಲ್ಲ.

ಸಾಬರಮತಿಯ ಕರು

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ನೋವಿನಿಂದ ಒದ್ದಾಡುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಪ್ರಾಣ ತೆಗೆಸಿದರು. ಸ್ವಾರ್ಥವಿಲ್ಲದ ಈ ಕಾರ್ಯ ಅಹಿಂಸೆಯೇ ಎಂಬುದು ಅವರ ವಾದ. ಜೈನರೂ ಸೇರಿ ಅನೇಕರು ಇದನ್ನು ಬಲವಾಗಿ ವಿರೋಧಿಸಿದರು. ಆ ಚರ್ಚೆ ಇಂದಿಗೂ ಮುಗಿದಿಲ್ಲ. ಪಶುವೈದ್ಯರ ಮಾತಿಗೆ ಒಪ್ಪಿ ದಯಾಮರಣ ಕೊಡಿಸಿ ಆಮೇಲೆ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಶ್ರಾವಕರೂ ಇದ್ದಾರೆ, ಕೊನೆಯ ಉಸಿರಿನವರೆಗೆ ಆರೈಕೆ ಮಾಡುವವರೂ ಇದ್ದಾರೆ.

ನಿಜವಾಗಿ ಸಾಯುತ್ತಿದೆಯೇ?

ಸಾಯುತ್ತಿದೆ ಎಂದು ಕಂಡ ಮೀನು ಎಷ್ಟೋ ಸಲ ಕೆಟ್ಟ ನೀರಿನಿಂದ ಬಳಲುತ್ತಿರುತ್ತದೆ. ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ ಕಡಿಮೆಯಾಗಿರಬಹುದು, ಇಲ್ಲವೇ ಅಮೋನಿಯ ಹೆಚ್ಚಿರಬಹುದು. ಕ್ಲೋರಿನ್ ತೆಗೆದ, ಅದೇ ಉಷ್ಣತೆಯ ನೀರಿನಿಂದ ಕಾಲು ಭಾಗ ಬದಲಿಸಿ, ಗಾಳಿಯ ಪಂಪ್ ಹಾಕಿ. ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳಿದ್ದರೆ ಅದು ಪರಾವಲಂಬಿಯ ಕಾಯಿಲೆ. ಬೇಗ ಗುರುತಿಸಿದರೆ ವಾಸಿಯಾಗುತ್ತದೆ. ಗೋಲ್ಡ್‌ಫಿಶ್ ತಲೆಕೆಳಗಾಗಿ ತೇಲುತ್ತಿದ್ದರೆ ಅಜೀರ್ಣವೂ ಕಾರಣವಿರಬಹುದು. ಎರಡು ಮೂರು ದಿನ ಆಹಾರ ನಿಲ್ಲಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಅನ್ನಪಾನನಿರೋಧವು ಅಹಿಂಸಾಣುವ್ರತದ ಅತಿಚಾರ ನಿಜ. ಆದರೆ ಚಿಕಿತ್ಸೆಗಾಗಿ ಮಾಡಿಸುವ ಲಂಘನ ಆ ದೋಷವಲ್ಲ. ಹೊಟ್ಟೆ ಊದಿ ಹುರುಪೆಗಳು ಎದ್ದು ನಿಂತಿದ್ದರೆ ಮಾತ್ರ ಚೇತರಿಕೆ ಕಷ್ಟ.

ಕೊನೆಯ ಆರೈಕೆ

ಕೊಲ್ಲಬಾರದು ಎಂದರೆ ಕೈಕಟ್ಟಿ ಕೂರುವುದು ಎಂದಲ್ಲ. ಬೇರೆ ಮೀನುಗಳು ಕಚ್ಚದಂತೆ ಅದನ್ನು ಪ್ರತ್ಯೇಕ ತೊಟ್ಟಿಯಲ್ಲಿಡಿ. ನೀರಿನ ಮಟ್ಟ ತಗ್ಗಿಸಿದರೆ ಮೇಲೇರುವ ಶ್ರಮ ಉಳಿಯುತ್ತದೆ. ಬೆಳಕು ಮಂದವಾಗಿರಲಿ, ಗಾಜು ತಟ್ಟಬೇಡಿ, ಪದೇ ಪದೇ ಕೈಯಲ್ಲಿ ಹಿಡಿಯಬೇಡಿ. ಪಕ್ಕದಲ್ಲಿ ಕುಳಿತು ಣಮೋಕಾರ ಮಂತ್ರ ಹೇಳಿ. ಸಾಯುತ್ತಿದ್ದ ನಾಯಿಯನ್ನು ಬದುಕಿಸಲಾಗದೆ ಅದರ ಕಿವಿಯಲ್ಲಿ ಪಂಚನಮಸ್ಕಾರ ಹೇಳಿದ ಜೀವಂಧರನ ಕಥೆ, ಆ ನಾಯಿ ಯಕ್ಷನಾಗಿ ಹುಟ್ಟಿದ ಕಥೆ ಕನ್ನಡಿಗರಿಗೆ ಪರಿಚಿತ. 1424ರಲ್ಲಿ ಭಾಸ್ಕರ ಕವಿ ಅದನ್ನು ‘ಜೀವಂಧರ ಚರಿತೆ’ಯಾಗಿ ಕನ್ನಡಕ್ಕೆ ತಂದನು.

ಯಾವ ಕಾರಣಕ್ಕೂ ಮಾಡಬಾರದ್ದು

ಜೀವವಿರುವ ಮೀನನ್ನು ಶೌಚಾಲಯದ ನೀರಿಗೆ ಬಿಡುವುದು, ಫ್ರೀಜರಿನಲ್ಲಿಡುವುದು, ನೀರಿನಿಂದ ತೆಗೆದು ಸಾಯಲು ಬಿಡುವುದು ಇವೆಲ್ಲ ನಿಧಾನವಾದ, ಕ್ರೂರವಾದ ಸಾವುಗಳು. ಪಶುವೈದ್ಯಶಾಸ್ತ್ರವೂ ಇವನ್ನು ಒಪ್ಪುವುದಿಲ್ಲ. ವೈದ್ಯರು ಬಳಸುವುದು ಅರಿವಳಿಕೆ ಔಷಧವನ್ನು. ಪ್ರಮಾಣ ತಪ್ಪಿದರೆ ಅದೂ ಯಾತನೆಯಾಗಬಹುದು, ಆದ್ದರಿಂದ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಕೆರೆಗೆ ಬಿಡುವುದು ಅಭಯದಾನವಲ್ಲ: ರೋಗಿ ಮೀನು ಅಲ್ಲಿ ಬದುಕದು, ಅಲ್ಲಿನ ಮೀನುಗಳಿಗೂ ರೋಗ ಹಬ್ಬೀತು. ಕಿವಿರುಗಳ ಚಲನೆ ಪೂರ್ತಿ ನಿಂತದ್ದನ್ನು ಬಹಳ ಹೊತ್ತು ಗಮನಿಸಿ, ಸತ್ತಿದೆ ಎಂದು ಖಚಿತವಾದ ಬಳಿಕ ತಡಮಾಡದೆ ಕೆರೆ, ಬಾವಿಯಿಂದ ದೂರ ಮಣ್ಣಿನಲ್ಲಿ ಹೂಳಿ.

ಸಾಕುವ ಮೊದಲು

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಅಂದರೆ ಕಟ್ಟಿಹಾಕುವುದು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಮೀರಿ ಬದುಕಬಲ್ಲ ಗೋಲ್ಡ್‌ಫಿಶ್, ಚಿಕ್ಕ ಗಾಜಿನ ಬುಡ್ಡಿಯಲ್ಲಿ ತಿಂಗಳುಗಳಲ್ಲೇ ಸಾಯುವುದುಂಟು. ಮಕ್ಕಳು ಕೇಳಿದರೆಂದು ಮೀನು ತರುವ ಮೊದಲೇ ಇದನ್ನು ಯೋಚಿಸಬೇಕು. ಈಗಾಗಲೇ ಮನೆಯಲ್ಲಿರುವ ಮೀನಿಗೆ ವಿಶಾಲವಾದ ತೊಟ್ಟಿ, ಶುದ್ಧ ನೀರು, ಹಿತಮಿತ ಆಹಾರ ಕೊಟ್ಟು ಅದರ ಆಯುಷ್ಯವಿರುವಷ್ಟು ಕಾಲ ನೋಡಿಕೊಳ್ಳುವುದು, ಹೊಸದನ್ನು ಕೊಳ್ಳದಿರುವುದು ಶ್ರಾವಕನಿಗೆ ತಕ್ಕ ದಾರಿ.