ನಾರಾ ನಗರದಲ್ಲಿ ಒಂದು ದಿನ

ಜಪಾನ್ ದೇಶದ ನಾರಾ ನಗರವು ಕ್ರಿ.ಶ. 710ರಲ್ಲಿ ರಾಜಧಾನಿಯಾಯಿತು, 784ರಲ್ಲಿ ಆ ಪದವಿಯನ್ನು ಕಳೆದುಕೊಂಡಿತು. ಅರಸರು ತೆರಳಿದರು, ಆಲಯಗಳು ಉಳಿದವು. ಅವು ಉಳಿದ ಬಗೆಯನ್ನು ಅರಿಯಲು, ಮಾರ್ಗದರ್ಶಿಯೊಡನೆ ಒಂದು ದಿನ ಕಾಲ್ನಡೆಯಲ್ಲಿ ಸುತ್ತಿದರೆ ಸಾಕು.

ಬೆಳಿಗ್ಗೆ ಮೊದಲು ಎದುರಾಗುವುದು ಕೋಫುಕುಜಿ ಎಂಬ ಬೌದ್ಧ ವಿಹಾರ. ಫುಜಿವಾರಾ ಮನೆತನದ ಆಶ್ರಯದಲ್ಲಿ ಬೆಳೆದ ಇದು ಅನೇಕ ಸಲ ಬೆಂಕಿಗೆ ಆಹುತಿಯಾಗಿದೆ. ಇದರ ಮಧ್ಯದ ಸುವರ್ಣಮಂದಿರವು 1717ರಲ್ಲಿ ಸುಟ್ಟುಹೋಯಿತು. ಮೊದಲಿನ ಗಾತ್ರದಲ್ಲಿ ಮತ್ತೆ ಎದ್ದು ನಿಂತದ್ದು 2018ರಲ್ಲಿ. ಮೂರು ಶತಮಾನಗಳ ಸೈರಣೆ!

ಜಿಂಕೆಗಳು ನಿರ್ಭಯವಾಗಿ ಅಲೆಯುವ ಉದ್ಯಾನವನ್ನು ದಾಟಿದರೆ ತೋದೈಜಿ. ಸಿಡುಬು, ದಂಗೆಗಳಿಂದ ನಾಡು ನೊಂದಿದ್ದಾಗ, 743ರಲ್ಲಿ ಚಕ್ರವರ್ತಿ ಶೋಮು ಇಲ್ಲಿನ ಮಹಾಬುದ್ಧನ ಕಂಚಿನ ಮೂರ್ತಿಗೆ ಸಂಕಲ್ಪಿಸಿದನು. ಹುಲ್ಲುಕಡ್ಡಿಯನ್ನೋ ಹಿಡಿಮಣ್ಣನ್ನೋ ತರುವವನಿಗೂ ಈ ಕಾರ್ಯದಲ್ಲಿ ಪಾಲುಂಟೆಂದು ಸಾರಿದನು. ಒಮ್ಮೆ ಸರ್ಕಾರದ ನಿರ್ಬಂಧಕ್ಕೆ ಗುರಿಯಾಗಿದ್ದ ಗ್ಯೋಕಿ ಎಂಬ ಭಿಕ್ಷುವೇ ಜನರಿಂದ ದಾನ ಸಂಗ್ರಹಿಸಲು ಹೊರಟನು. 752ರಲ್ಲಿ ನಡೆದ ನೇತ್ರೋನ್ಮೀಲನದಲ್ಲಿ ಮೂರ್ತಿಯ ಕಣ್ಣು ಬರೆದವನು ಭಾರತದಿಂದ 736ರಲ್ಲಿ ಅಲ್ಲಿಗೆ ಹೋಗಿದ್ದ ಬೋಧಿಸೇನ. ಪುಣ್ಯದಲ್ಲಿ ಎಲ್ಲರೂ ಭಾಗಿಗಳಾಗಲೆಂದು ಅವನ ಕುಂಚಕ್ಕೆ ಕಟ್ಟಿದ ಉದ್ದನೆಯ ದಾರವನ್ನು ನೆರೆದವರು ಹಿಡಿದಿದ್ದರು. ಆ ಕುಂಚವು ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಇದೆ.

1180ರಲ್ಲಿಯೂ 1567ರಲ್ಲಿಯೂ ಯುದ್ಧಾಗ್ನಿ ಈ ಮಂದಿರವನ್ನು ನುಂಗಿತು. ಮೊದಲ ಸಲ, ಅರುವತ್ತು ದಾಟಿದ ಚೋಗೆನ್ ಎಂಬ ಭಿಕ್ಷು ಜೀರ್ಣೋದ್ಧಾರದ ಭಾರ ಹೊತ್ತನು. ಎರಡನೆಯ ಸಲ, ಮಹಾಬುದ್ಧನು ಬಹುಕಾಲ ಬಿಸಿಲುಮಳೆಗಳಲ್ಲಿಯೇ ಕುಳಿತಿರಬೇಕಾಯಿತು. ಕೋಕೆಯಿ ಎಂಬ ಭಿಕ್ಷು ದೇಶವನ್ನೆಲ್ಲ ಸುತ್ತಿ ಭಿಕ್ಷೆ ಬೇಡಿ ಮೂರ್ತಿಯನ್ನು ಸರಿಪಡಿಸಿದನು. ಮಂದಿರ ಮುಗಿಯುವುದನ್ನು ಕಾಣದೆ 1705ರಲ್ಲಿ ತೀರಿಕೊಂಡನು. 1709ರಲ್ಲಿ ಪೂರ್ಣಗೊಂಡ ಆ ಮಂದಿರವೇ ಈಗಿರುವುದು. ಮೊದಲು ಸುಮಾರು 86 ಮೀಟರು ಇದ್ದ ಅಗಲ ಈಗ 57 ಮೀಟರು. ಕುಗ್ಗಿದ್ದು ಅಳತೆ, ಶ್ರದ್ಧೆಯಲ್ಲ.

ಸಂಜೆ ಕಾಡಿನಂಚಿನ ಕಾಸುಗಾ ದೇವಾಲಯ. 768ರಲ್ಲಿ ಸ್ಥಾಪಿತವಾದ ಇದು ಷಿಂಟೋ ಧರ್ಮದ್ದು. ದಾರಿಯುದ್ದಕ್ಕೂ ಭಕ್ತರು ಅರ್ಪಿಸಿದ ಕಲ್ಲಿನ ದೀಪಸ್ತಂಭಗಳು. ತೂಗುದೀಪಗಳೂ ಸೇರಿ ಸುಮಾರು ಮೂರು ಸಾವಿರ. ಕಾಸುಗಾದ ದೇವತೆಗಳೂ ಕೋಫುಕುಜಿಯ ಬುದ್ಧರೂ ಒಂದೇ ತತ್ತ್ವದ ಎರಡು ರೂಪಗಳೆಂದು ಜನರು ಶತಮಾನಗಳ ಕಾಲ ನಂಬಿದ್ದರು. 1868ರಲ್ಲಿ ಹೊಸ ಸರ್ಕಾರವು ಎರಡನ್ನೂ ಬೇರ್ಪಡಿಸಬೇಕೆಂದು ಆಜ್ಞಾಪಿಸಿತು. ಕೋಫುಕುಜಿಯ ಭಿಕ್ಷುಗಳು ಕಾಸುಗಾದ ಅರ್ಚಕರಾಗಬೇಕಾಯಿತು. ವಿಹಾರ ಬರಿದಾಯಿತು, ಅದರ ಪ್ರಾಕಾರವೂ ಉರುಳಿತು. ಬೆಂಕಿ ಕೆಡಿಸಿದ್ದನ್ನು ಮತ್ತೆ ಕಟ್ಟಬಹುದು. ಆಜ್ಞೆ ಕಡಿದ ಸಂಬಂಧವನ್ನು ಬೆಸೆಯುವುದು ಕಠಿನ. ಆದರೂ ಪ್ರತಿವರ್ಷ ಜನವರಿ 2ರಂದು ಕೋಫುಕುಜಿಯ ಮುಖ್ಯಸ್ಥರು ಕಾಸುಗಾಕ್ಕೆ ನಡೆದುಬಂದು ದೇವರ ಮುಂದೆ ಸೂತ್ರಪಠನ ಮಾಡುತ್ತಾರೆ.

ಕತ್ತಲಾಗುವಾಗ ಹಿಂದಿರುಗುವ ಯಾತ್ರಿಕನಿಗೆ ಆ ಕುಂಚದ ದಾರ ನೆನಪಾಗುತ್ತದೆ. ಅದನ್ನು ಅಂದು ಹಿಡಿದಿದ್ದ ಹಲವರ ಹೆಸರು ನಮಗೆ ತಿಳಿಯದು. ಆಲಯಗಳು ನಿಂತಿರುವುದು ಮಾತ್ರ ಅಂತಹ ಕೈಗಳಿಂದಲೇ.